ಹನ್ನಮ್ಮ ಹೊತ್ತ ಮಾರಿಬುಟ್ಟಿ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಹಲ್ಲು ಮೂಡದ ಕಾಲಕ್ಕೆ, ಹೊಳೆದಂಡೆಯ ಒಂದು ಊರಲ್ಲಿ ಸುಣ್ಣ ಸುಡುವವರ ಕೇರಿಯಿತ್ತಂತೆ. ಮೇಲೆ ಊರು, ಕೆಳಗೆ ಕೇರಿ, ಕೇರಿಯಾಚೆ ಹೊಳೆ. ಊರ ಗೋಡೆಗಳೆಲ್ಲ ಬೆಳ್ಳಗಿದ್ದದ್ದು ಈ ಕೇರಿಯವರಿಂದ. ಅವರ ಕೈ ಮಾತ್ರ ಸುಣ್ಣ ತಿಂದು ಬಿರಿದಿರುತ್ತಿತ್ತು. ಆ ಕೈಗಳಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಲು ಏಳು ಕಡಲಿನಾಚೆಯಿಂದ ಒಬ್ಬಳು ಬಂದಳಂತೆ, ಏಸುವಿನ ಹೆಸರು ಹೇಳುವವಳು. ಅವಳ ಪೂರ್ತಿ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಹನ್ನಮ್ಮ ಅಂದರು, ಅದೇ ಉಳಿಯಿತು.

ಕೇರಿಯ ಹುಲಿಗೆವ್ವನಿಗೆ ಹನ್ನಮ್ಮನ ಮಾತೆಂದರೆ ವೇದವಾಕ್ಯ. ಗಂಡ ಸುಣ್ಣದ ಗೂಡಿಗೆ ಬಿದ್ದು ಸತ್ತ ಮೇಲೆ ಅವಳಿಗೆ ಉಳಿದದ್ದು ಎಳೆಗೂಸು ಕೆಂಚಿ ಒಂದೇ. ಎದೆಹಾಲಿಲ್ಲದೆ ಬಾಡಿದ್ದ ಆ ಕೂಸನ್ನು ಬದುಕಿಸಿಕೊಟ್ಟವಳೂ ಹನ್ನಮ್ಮನೇ.

ಒಂದು ಬೇಸಗೆ ಊರಿಗೆ ವಾಂತಿಭೇದಿ ಬಂತು. ಆಗ ಬೇನೆ ಬಂದರೆ ಬುಟ್ಟಿಯಲ್ಲಿ ಅಕ್ಕಿ, ಬಳೆ, ಅರಿಶಿನ ಹಚ್ಚಿದ ಹೊಸ ಸೀರೆ ಇಟ್ಟು, ಹಲಗೆ ಬಡಿಯುತ್ತ ಮಾರಿಯನ್ನು ಗಡಿ ದಾಟಿಸುತ್ತಿದ್ದರು. ಮೇಲಿನವರು ಕೆಳಗಿನವರ ಗಡಿಗೆ, ಅವರು ತಮಗಿಂತ ಕೆಳಗಿನವರ ಗಡಿಗೆ. ಕೇರಿಯವರು ಯಾರ ಗಡಿಗೆ ಇಡಬೇಕು? ಅವರಿಗಿಂತ ಕೆಳಗೆ ಯಾರಿದ್ದರು? ಹೊಳೆಗೆ ಬಿಡುತ್ತಿದ್ದರು. ಕುಡಿಯುವುದೂ ಅದೇ ಹೊಳೆಯ ನೀರನ್ನೇ.

ಆ ಸಲವೂ ಊರ ಬುಟ್ಟಿ ಕೇರಿಯ ಗಡಿಗೆ ಬಂತು. ಅದನ್ನು ಹೊಳೆಗೆ ಬಿಡಬೇಡಿ ಅಂತ ಹನ್ನಮ್ಮ ಕೈಮುಗಿದು ಬೇಡಿಕೊಂಡಳಂತೆ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ನಂಬಿಕೆ ಗಟ್ಟಿ ಇದ್ದವರಿಗೆ ಬಾಯಿ ಕಟ್ಟುವುದು ಕಷ್ಟ ನೋಡಿ. ಅದರಲ್ಲಿ ಮಾರಿಯೂ ಇಲ್ಲ ಗೀರಿಯೂ ಇಲ್ಲ, ಅಕ್ಕಿ ಅಕ್ಕಿಯೇ, ಸೀರೆ ಸೀರೆಯೇ ಅಂದುಬಿಟ್ಟಳು.

“ಹಂಗಾದ್ರ ಆ ಸೀರಿಲೆ ನನ್ನ ಕೂಸಿಗೆ ಜೋಲಿ ಕಟ್ಟಲೇನ್ರಿ, ಅವ್ವಾರ?” ಅಂತ ಹುಲಿಗೆವ್ವ ಕೇಳಿದಳು.

“ಕಟ್ಟವ್ವಾ. ಅದ್ರಾಗ ಏನೂ ಇಲ್ಲ.”

ಏನೂ ಇಲ್ಲದಿದ್ದರೆ ನಾನು ಈ ಕಥೆ ಯಾಕೆ ಹೇಳುತ್ತಿದ್ದೆ? ಊರ ಗೌಡನ ಮನೆಯವರು ಹೊಸ ಸೀರೆ ಇಟ್ಟಿರಲಿಲ್ಲ. ಕೇರಿಗೆ ಹೋಗಿ ಬೀಳುವುದಕ್ಕೆ ಹೊಸದೇಕೆ ಅಂತ, ಅದೇ ಬೇನೆಯಲ್ಲಿ ಸತ್ತ ಸೊಸೆಯ ಮೈಮೇಲಿನ ಸೀರೆಗೇ ಅರಿಶಿನ ಬಳಿದು ಮಡಚಿಟ್ಟಿದ್ದರು. ದೇವಿಗೇ ಮೋಸ ಮಾಡಿದವರಿಗೆ ಹುಲಿಗೆವ್ವ ಯಾವ ಲೆಕ್ಕ! ಮೇಲೆ ಅರಿಶಿನ, ಒಳಮಡಿಕೆಯಲ್ಲಿ ಕಲೆ. ಯಾರೂ ತಿರುವಿ ನೋಡಲಿಲ್ಲ.

ಕೆಂಚಿ ಜೋಲಿಯ ಅಂಚು ಚೀಪುತ್ತ ಮಲಗಿತ್ತಂತೆ. ಸ್ವಲ್ಪ ದಿನಕ್ಕೇ ವಾಂತಿ ಹಿಡಿಯಿತು. ಹನ್ನಮ್ಮ ಉಪ್ಪು-ಬೆಲ್ಲದ ನೀರು ಹನಿಹನಿಯಾಗಿ ಹಾಕಿದಳು, ಎದೆಗವಚಿಕೊಂಡಳು, ಅತ್ತಳು, ಪ್ರಾರ್ಥಿಸಿದಳು. ಕೂಸು ಉಳಿಯಲಿಲ್ಲ. ಜೋಲಿ ಬಿಚ್ಚುವಾಗ ಕಲೆ ಕಂಡಿತು. ಗೌಡನ ಸೊಸೆಯದು ಅಂತ ಊರ ಅಗಸಗಿತ್ತಿ ಗುರುತು ಹಿಡಿದಳು.

“ಏನೂ ಇಲ್ಲ ಅಂದಿದ್ರೆಲ್ಲಾ,” ಅಂದಳು ಹುಲಿಗೆವ್ವ.

ದೇವರ ಇಚ್ಛೆ ಅಂತ ಹನ್ನಮ್ಮ ಹೇಳಲಿಲ್ಲವಂತೆ. ಹೇಳಿದ್ದರೆ ಆ ತಾಯಿ ಅವಳನ್ನು ಅಲ್ಲೇ ಕೊಲ್ಲುತ್ತಿದ್ದಳು. ನಾನು ತಿರುವಿ ನೋಡಬೇಕಿತ್ತು ಅಂದಳಂತೆ, ಅಷ್ಟೇ. ಇನ್ನು ನಿನ್ನ ಮುಖ ನೋಡುವುದಿಲ್ಲ ಅಂತ ಹುಲಿಗೆವ್ವ ಮಣ್ಣು ಮುಟ್ಟಿ ಆಣೆಯಿಟ್ಟಳು.

ಗಡಿಯಲ್ಲಿ ಮತ್ತೆ ಹಲಗೆಯ ಸದ್ದು. ಇನ್ನೊಂದು ಬುಟ್ಟಿ. ಕೇರಿಯ ಗಂಡಸರು ಅದನ್ನು ಊರೊಳಕ್ಕೇ ಒಗೆಯುತ್ತೇವೆ ಅಂತ ಎದ್ದರು. ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ಮನೆ ಅಂದಿದ್ದಾರೆಯೇ? ಒಗೆದಿದ್ದರೆ ಊರವರು ಕೇರಿಗೇ ಬೆಂಕಿ ಇಡುತ್ತಿದ್ದರು. ಹನ್ನಮ್ಮ ಅವರನ್ನು ಸರಿಸಿಕೊಂಡು ಹೋಗಿ, ಬುಟ್ಟಿಯನ್ನು ತನ್ನ ತಲೆಮೇಲೆ ಇಟ್ಟುಕೊಂಡಳಂತೆ. ಉರಿಯುವ ಸುಣ್ಣದ ಗೂಡಿನವರೆಗೆ ಹೊತ್ತು ಒಳಕ್ಕೆ ಹಾಕಿದಳಂತೆ. ಮತ್ತೆ ಬಂತು, ಮತ್ತೆ ಹೊತ್ತಳು. ಬಂದದ್ದನ್ನೆಲ್ಲ ಹೊತ್ತಳು. ಕೊನೆಗೊಂದು ದಿನ ಬೇನೆ ತಾಗಿ ಗೂಡಿನ ಬುಡದಲ್ಲೇ ಕುಸಿದಳು.

ಯಾರೂ ಹತ್ತಿರ ಹೋಗಲಿಲ್ಲ. ಹೋದವಳು ಹುಲಿಗೆವ್ವ ಒಬ್ಬಳೇ. ಆಣೆಯಿಟ್ಟಿದ್ದಳಲ್ಲ, ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಬಾಯಿಗೆ ನೀರು ಬಿಟ್ಟಳಂತೆ. ಕ್ಷಮಿಸಿದಳೋ ಇಲ್ಲವೋ, ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹನ್ನಮ್ಮ ಸತ್ತಾಗ ಕೇರಿಯವರೆಲ್ಲ ಕೂಡಿ ಹೊಸ ಸೀರೆ ತಂದರು. ಹುಲಿಗೆವ್ವ ಒಂದೊಂದೇ ಮಡಿಕೆ ಬಿಚ್ಚಿ, ಉದ್ದಕ್ಕೂ ತಿರುವಿ ನೋಡಿ, ಆಮೇಲೆ ಹೊದಿಸಿದಳಂತೆ.

ಈಗಲೂ ಗೂಡಿನ ಮೊದಲ ಸುಣ್ಣ ಹನ್ನಮ್ಮನ ಗೋರಿಗೆ. ಈಗಲೂ ಆ ಕೇರಿಯಲ್ಲಿ ಯಾರೇ ಬಟ್ಟೆ ಕೊಡಲಿ, ಬೀಗರೇ ಕೊಡಲಿ, ತಿರುವಿ ನೋಡದೆ ತೆಗೆದುಕೊಳ್ಳುವುದಿಲ್ಲ. ಕಡಲಾಚೆಯಿಂದ ಹನ್ನಮ್ಮನ ಕಡೆಯವರು ಒಮ್ಮೊಮ್ಮೆ ಬಟ್ಟೆಯ ಗಂಟು ತರುತ್ತಾರೆ. ಕೇರಿಯ ಹೆಂಗಸರು ಅವರ ಎದುರಿಗೇ ಕೂತು, ಒಂದೊಂದನ್ನೂ ತಿರುವಿ ಬಿಸಿಲಿಗೆ ಹಿಡಿದು ನೋಡುತ್ತಾರೆ. ಬಂದವರ ಮುಖ ಸಣ್ಣದಾಗುತ್ತದೆ. ಹನ್ನಮ್ಮ ಇದ್ದಿದ್ದರೆ ತಾನೂ ಆ ಹೆಂಗಸರ ಜೊತೆ ಕೂತು ತಿರುವುತ್ತಿದ್ದಳು.