ಗುಳ್ಳೆ ನಿಂತ ಗಳಿಗೆ

ಗಿರಿಮಲ್ಲನಿಗೆ ತನ್ನ ಉಸಿರಿನ ಮೇಲೆ ಜಂಬ. ಸಾಧನೆ ಅಂತ ಕರೆದರೂ ಜಂಬ ಜಂಬವೇ.

ಹೊಳೆದಂಡೆಯ ಆ ಆಶ್ರಮದಲ್ಲಿ ಕುಂಭಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎದೆ ತುಂಬ ಉಸಿರು ಎಳೆದು ಹಿಡಿದನೆಂದರೆ ಮುಗಿಯಿತು, ಕಲ್ಲಿನ ಬಸವಣ್ಣನ ಹಾಗೆ ಕೂತುಬಿಡುತ್ತಿದ್ದ. ಉಳಿದ ಶಿಷ್ಯರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಗುರುಗಳನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅವರು ಮಾತ್ರ ಒಂದು ದಿನವೂ ಭೇಷ್ ಅನ್ನಲಿಲ್ಲ. ಅದೊಂದು ಕೊರಗು ಅವನಿಗೆ.

ಆಶ್ರಮಕ್ಕೆ ಬರುತ್ತಿದ್ದ ಡಾಕ್ಟರೊಬ್ಬರು ಮನೆಮಂದಿಯ ಜೊತೆ ದೂರದ ದ್ವೀಪಕ್ಕೆ ಹೊರಟಾಗ ಇವನನ್ನೂ ಕರೆದರು. ಅಲ್ಲಿ ಸ್ಕೂಬಾ ಡೈವಿಂಗ್ ಉಂಟಂತೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯಬಹುದಂತೆ.

"ಕಡಲ ಒಳಗೆ ಎಂಥ ಮೌನ ಇರುತ್ತದೋ ಅಜ್ಜಾರೇ! ಅಲ್ಲೇ ಧ್ಯಾನ ಮಾಡಿ ಬರುತ್ತೇನೆ."

"ಹೋಗಿ ಬಾ. ಅಲ್ಲಿಯವರು ಹೇಳಿದ ಹಾಗೆ ಕೇಳು" ಎಂದರು ಅಜ್ಜ.

ವಾರ ಕಳೆದು ಬಂದ. ಮುಖ ಇಂಗು ತಿಂದ ಮಂಗನ ಹಾಗಿತ್ತು.

"ಏನೋ, ಮೀನು ನೋಡಿದೆಯಾ?"

"ಮೀನಂತೆ ಮೀನು! ಒಂದರ ಬಾಲವೂ ಕಾಣಲಿಲ್ಲ. ಹೆಂಗಸಿನ ಕೈಯಲ್ಲಿ ಗುದ್ದು ತಿಂದು ಬಂದೆ."

"ಗುದ್ದೇ!" ಅಜ್ಜ ಜಪಮಾಲೆ ಕೆಳಗಿಟ್ಟರು.

"ನಮ್ಮನ್ನು ನೀರಿಗೆ ಇಳಿಸಿದ ಗೈಡ್ ಅವಳು. ದೋಣಿಯಲ್ಲಿ ಕೂತಾಗಿನಿಂದ ಒಂದೇ ಸಮ ಒದರಿದಳು, ಏನೇ ಆಗಲಿ ಉಸಿರು ಹಿಡಿಯಬೇಡಿ, ಆಡುತ್ತಲೇ ಇರಿ ಅಂತ. ಏನೂ ಬಾರದವರಿಗೆ ಹೇಳುವ ಮಾತು ಅಂದುಕೊಂಡೆ."

"ಆಮೇಲೆ?"

"ಕೆಳಗೆ ಹೋದರೆ ನನ್ನ ಉಸಿರಿನ ಗುಳ್ಳೆಗಳದ್ದೇ ಗದ್ದಲ. ಬುಳಬುಳ ಬುಳಬುಳ. ಎಲ್ಲಿಯ ಮೌನ? ಕಣ್ಣು ಮುಚ್ಚಿ ಕುಂಭಕ ಹಿಡಿದೆ. ಗುಳ್ಳೆ ನಿಂತಿತು. ಆಹಾ, ಏನು ಶಾಂತಿ ಅಜ್ಜಾರೇ!"

"ಆಮೇಲೆ?"

"ಮೇಲೆ ಉಳಿದವರ ಜೊತೆ ಇದ್ದವಳು ಮಾರಿಯ ಹಾಗೆ ನನ್ನ ಕಡೆ ನುಗ್ಗಿ ಬಂದಳು. ತೋಳು ಹಿಡಿದು ಅಲ್ಲಾಡಿಸಿದಳು. ಧ್ಯಾನ ಕೆಟ್ಟಿತಲ್ಲ ಅಂತ ನನಗೆ ಸಿಟ್ಟು ಬಂತು. ಅವಳನ್ನು ತಳ್ಳಿ ಮೇಲಕ್ಕೆ ಹೊರಟೆ. ಹಿಡಿದ ಉಸಿರು ಬಿಡಲಿಲ್ಲ. ಹಿಂದೆಯೇ ಬಂದು ಹೊಟ್ಟೆಗೆ ಗುದ್ದಿದಳು ನೋಡಿ, ಉಸಿರೆಲ್ಲ ಹೊರಗೆ! ದೀಕ್ಷೆಯಾದ ಮೇಲೆ ನನ್ನ ಮೈಗೆ ಯಾರೂ ಕೈ ಹಚ್ಚಿರಲಿಲ್ಲ. ಆಮೇಲೆ ನನ್ನನ್ನು ನೀರಿಗೇ ಬಿಡಲಿಲ್ಲ. ಮರಳಲ್ಲಿ ಕೂತು ಎಳನೀರು ಕುಡಿದು ಬಂದೆ."

ಅಜ್ಜ ಅವನ ಕಡೆ ತಿರುಗಿ ಕೂತರು.

"ಅವಳು ಹೇಗಿದ್ದಾಳೆ?"

"ಯಾರು?"

"ಗುದ್ದಿದವಳು."

"ಕಿವಿಯಿಂದ ರಕ್ತ ಬರುತ್ತಿತ್ತು. ದೋಣಿಯಲ್ಲಿ ಟವೆಲ್ ಒತ್ತಿ ಹಿಡಿದುಕೊಂಡಿದ್ದಳು. ಮರುದಿನದಿಂದ ಕಾಣಲಿಲ್ಲ."

"ಹೆಸರು?"

"ಕೇಳಲಿಲ್ಲ."

"ರಕ್ತ ನೋಡಿದೆ. ಕೇಳಲಿಲ್ಲ!"

ಅಜ್ಜನ ಮುಖ ಬಿಳುಚಿಕೊಂಡಿತು. ಅವರು ಹಾಗೆ ಬೆಚ್ಚಿದ್ದನ್ನು ಗಿರಿಮಲ್ಲ ಎಂದೂ ಕಂಡಿರಲಿಲ್ಲ. ಇಷ್ಟು ವರ್ಷ ಇವನಿಗೆ ಏನು ಕಲಿಸಿದೆನಪ್ಪಾ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಎದ್ದರು. ಡಾಕ್ಟರಿಗೆ ಫೋನ್ ಮಾಡಿ ಅವಳ ನಂಬರ್ ಕೇಳಿ ಪಡೆದರು. ಅವಳಿಗೆ ಫೋನ್ ಹಚ್ಚಿ, ಶಿಷ್ಯನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ಹಲೋ, ರೋಹಿಣಿ ತಾಂಡೇಲ." ಕಾರವಾರದ ಕಡೆಯ ಹುಡುಗಿ, ಕನ್ನಡದಲ್ಲೇ ಮಾತಾಡಿದಳು.

"ನೀರೊಳಗಿಂದ ಒಬ್ಬನನ್ನು ಮೇಲೆ ತಂದೆಯಲ್ಲ ತಾಯಿ, ಉಸಿರು ಹಿಡಿದವನು. ನಾನು ಅವನ ಗುರು."

"ತಡೀರಿ ಅಜ್ಜಾ, ಈ ಕಿವಿ ಕೇಳೋದಿಲ್ಲ. ಆ ಕಿವಿಗೆ ಹಿಡೀತೇನೆ."

ಗಿರಿಮಲ್ಲ ತಲೆ ಎತ್ತಿದ.

"ಕಿವಿಗೆ ಏನಾಯಿತಮ್ಮಾ?"

"ತಮಟೆ ಹರಿದುಹೋಯಿತು, ಒಳಗಿವಿಗೂ ಪೆಟ್ಟು. ನೀರಿನ ಒತ್ತಡಕ್ಕೆ ಕಿವಿ ಸರಿಮಾಡಿಕೊಳ್ಳುತ್ತ ನಿಧಾನಕ್ಕೆ ಕೆಳಗೆ ಹೋಗಬೇಕು. ಆವತ್ತು ಎಲ್ಲಿಯ ನಿಧಾನ? ಅವರ ಗುಳ್ಳೆ ನಿಂತುಬಿಟ್ಟಿತ್ತು. ಸತ್ತೇಹೋದರು ಅಂದುಕೊಂಡೆ."

"ಮತ್ತೆ ನೀರಿಗೆ?"



"ಇನ್ನು ಇಳೀಬಾರದು ಅಂದಿದ್ದಾರೆ. ನನಗೆ ಬರೋದು ಅದೊಂದೇ ಕೆಲಸ ಅಜ್ಜಾ. ಹೋಗಲಿ. ನಾನು ಗುದ್ದಿದ್ದಕ್ಕೆ ಅವರು ಬೇಜಾರು ಮಾಡಿಕೊಂಡರೇನೋ. ಆ ಗಾಳಿ ಹಿಡಿದುಕೊಂಡು ಮೇಲೆ ಬಂದಿದ್ದರೆ ಅದು ಹಿಗ್ಗಿ ಶ್ವಾಸಕೋಶ ಒಡೆದುಹೋಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಅವರು ಈಗ ಹೇಗಿದ್ದಾರೆ? ಉಸಿರಾಟ ಸರಿ ಇದೆಯಾ?"

ಅಜ್ಜ ಫೋನನ್ನು ಗಿರಿಮಲ್ಲನ ಬಾಯಿಯ ಹತ್ತಿರ ಹಿಡಿದರು.

ಗಿರಿಮಲ್ಲನಿಗೆ ಸಿಡಿಲು ಬಡಿದಂತಾಗಿತ್ತು. ಕಣ್ಣು ಅರಳಿತ್ತು, ಬಾಯಿ ತೆರೆದಿತ್ತು. ಎದೆ ಉಬ್ಬಿದ್ದು ಉಬ್ಬಿದಂತೆಯೇ ನಿಂತಿತ್ತು. ಈ ಸಲ ಅವನು ಹಿಡಿದದ್ದಲ್ಲ, ತಾನಾಗಿಯೇ ನಿಂತದ್ದು.

"ಹಲೋ? ಯಾಕೆ ಮಾತಾಡ್ತಿಲ್ಲ? ಅವರು ಉಸಿರಾಡ್ತಿದ್ದಾರಾ ಅಜ್ಜಾ?" ಅವಳ ದನಿಯಲ್ಲಿ ಗಾಬರಿ.

ಅಜ್ಜ ಇನ್ನೊಂದು ಕೈ ಮುಷ್ಟಿ ಮಾಡಿ ಶಿಷ್ಯನ ಹೊಟ್ಟೆಗೆ ಒಂದು ಗುದ್ದು ಗುದ್ದಿದರು.

"ಉಸಿರು ಬಿಡೋ. ನಿನ್ನ ಗುಳ್ಳೆ ಹುಡುಕುತ್ತ ಅವಳು ಇನ್ನೂ ನೀರಲ್ಲೇ ಇದ್ದಾಳೆ."