ಅಣ್ಣನೆಂಬೆನು, ಒಡೆಯನೆನ್ನೆನು

ಮಕ್ಕಳೇ, ಆಕಾಶವನ್ನೂ ಭೂಮಿಯನ್ನೂ ಬರಿಯ ಮಾತಿನಿಂದ ಉಂಟುಮಾಡಿದ ಕರ್ತನು ಯಾವ ಕಾಡನ್ನೂ ಒಡೆಯನಿಲ್ಲದೆ ಬಿಟ್ಟವನಲ್ಲ. ಆದರೆ ಅವನು ತನ್ನ ಹೆಸರನ್ನು ಯಾವ ಮರದ ಮೇಲೂ ಕೆತ್ತಿಸಿಲ್ಲ. ಆದುದರಿಂದ ಆಗಾಗ ಯಾರಾದರೊಬ್ಬರು ಬಂದು ಆ ಜಾಗದಲ್ಲಿ ತಮ್ಮ ಹೆಸರನ್ನು ಕೆತ್ತಲು ಹವಣಿಸುತ್ತಾರೆ. ಅಂಥ ಒಬ್ಬನ ಕತೆಯನ್ನು ಹೇಳುತ್ತೇನೆ. ಅವನಿಗೆ ಮಣಿಯದೆ ನಿಂತ ಒಂದು ಹಕ್ಕಿಯ ಕತೆಯೂ ಅದೇ.

ಮೂರು ಗುಡ್ಡಗಳನ್ನು ಬಳಸಿ ಹರಿಯುವ ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಹಿರಿಯ ಅತ್ತಿಯ ಮರ. ಬುಡದಿಂದ ನೆತ್ತಿಯವರೆಗೆ ಕಾಂಡಕ್ಕೇ ಅಂಟಿಕೊಂಡು ಗೊಂಚಲುಗೊಂಚಲಾಗಿ ಹಣ್ಣು ಬಿಡುತ್ತಿದ್ದ ಆ ಮರವನ್ನು ನೆಚ್ಚಿ ಅನೇಕರು ಬಾಳುತ್ತಿದ್ದರು: ಹಸಿರು ಪಾರಿವಾಳಗಳು, ಚಾಟುಕನೆಂಬ ಕೆಂದಳಿಲು, ಉದ್ದಂಡನೆಂಬ ಮುಸುವ ಮತ್ತು ಅವನ ದೊಡ್ಡ ಹಿಂಡು. ಎದುರಿನ ತಾರೆಯ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಗಳ ಸಂಸಾರವಿತ್ತು. ಗಂಡನ ಹೆಸರು ದೃಢಚಂಚು, ಹೆಂಡತಿಯ ಹೆಸರು ಸುವ್ರತೆ.

ಮಂಗಟ್ಟೆಗಳ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಪೊಟರೆಯನ್ನು ಹೊಕ್ಕು, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ರೆಕ್ಕೆಯ ಗರಿಗಳು ಒಳಗೇ ಉದುರಿಹೋಗುತ್ತವೆ. ಮರಿಗಳು ಬಲಿಯುವ ತನಕ ಗಂಡು ತಂದ ಹಣ್ಣೇ ಒಳಗಿನವರ ಅನ್ನ. ಗಂಡು ಬಾರದಿದ್ದರೆ ಆ ಪೊಟರೆಯೇ ಅವರ ಸಮಾಧಿ.

ಇನ್ನೊಂದು ಪದ್ಧತಿಯೂ ಉಂಟು. ಮಂಗಟ್ಟೆಯು ಹಣ್ಣನ್ನು ಕಿತ್ತೊಡನೆ ನುಂಗುವುದಿಲ್ಲ. ಕೊಕ್ಕಿನ ತುದಿಯಲ್ಲಿ ಹಿಡಿದು ಆಕಾಶದತ್ತ ಚಿಮ್ಮಿ, ಮರಳಿ ಬಿದ್ದಾಗ ಬಾಯಿತೆರೆದು ಹಿಡಿಯುತ್ತದೆ. "ಕೊಟ್ಟವನಿಗೆ ಮೊದಲು ತೋರಿಸಿ, ಆಮೇಲೆ ಉಣ್ಣಬೇಕು" ಎಂದು ದೃಢಚಂಚುವಿನ ತಂದೆ ಅವನಿಗೆ ಕಲಿಸಿದ್ದನು.

ಸುವ್ರತೆಯು ಪೊಟರೆಯ ಬಾಗಿಲನ್ನು ಮುಚ್ಚಿಕೊಂಡ ಮೂರನೆಯ ದಿನ ಉದ್ದಂಡನು ಅತ್ತಿಯ ಮರದ ನೆತ್ತಿಯನ್ನೇರಿ, ಬಾಲವನ್ನು ಧ್ವಜದಂತೆ ನಿಮಿರಿಸಿ, ಎಲ್ಲರನ್ನೂ ಕೂಗಿ ಕರೆದನು.

"ಕೇಳಿರಿ! ಈ ಮರ ಹುಟ್ಟಿದ್ದು ಹೇಗೆಂಬುದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ನನ್ನ ಮುತ್ತಜ್ಜನು ಎಲ್ಲಿಯೋ ಅತ್ತಿಯ ಹಣ್ಣು ತಿಂದು, ಇಲ್ಲಿ ಬಂದು ಕುಳಿತು, ಬೀಜವನ್ನು ಕೆಳಗಿಳಿಸಿದನು. ಆದುದರಿಂದ ಈ ಮರವನ್ನು ಸೃಷ್ಟಿಸಿದವರು ನಾವು. ಇಂದಿನಿಂದ ಹಣ್ಣು ಕೀಳುವ ಪ್ರತಿಯೊಬ್ಬರೂ ನನ್ನತ್ತ ತಲೆಬಾಗಿ, 'ಒಡೆಯಾ, ನಿನ್ನ ಹಣ್ಣು' ಎನ್ನತಕ್ಕದ್ದು."

ಪಾರಿವಾಳಗಳು ಒಂದರ ಮುಖವನ್ನೊಂದು ನೋಡಿದವು. ಚಾಟುಕನು ಮಾತ್ರ ತಡಮಾಡಲಿಲ್ಲ.

"ಒಡೆಯಾ, ನಿನ್ನ ಹಣ್ಣು! ನಿನ್ನ ಎಲೆ! ನಿನ್ನ ನೆರಳು!" ಎಂದು ಮೂರು ಸಲ ಬಾಗಿ, ನಾಲ್ಕು ಹಣ್ಣು ಬಾಚಿಕೊಂಡನು.

ಪಾರಿವಾಳಗಳೂ ಒಂದೊಂದಾಗಿ ಕುತ್ತಿಗೆ ತಗ್ಗಿಸಿದವು. ದೃಢಚಂಚು ಒಂದು ಹಣ್ಣನ್ನು ಕಿತ್ತು, ಎಂದಿನಂತೆ ಆಕಾಶಕ್ಕೆ ಚಿಮ್ಮಿ ಹಿಡಿದನು.

"ಏಯ್! ನನಗೆ ಬಾಗಲಿಲ್ಲವೇಕೆ?" ಎಂದು ಉದ್ದಂಡನು ಗದರಿದನು.

"ಉದ್ದಂಡಣ್ಣ, ನಿನ್ನ ಮುತ್ತಜ್ಜನು ಇಳಿಸಿದ ಹಾಗೆ ಬೀಜವನ್ನು ನನ್ನ ಮುತ್ತಜ್ಜನೂ ಇಳಿಸಿದ್ದಾನೆ. ಈ ಪಾರಿವಾಳಗಳು ದಿನಕ್ಕೆ ಹತ್ತು ಸಲ ಇಳಿಸುತ್ತವೆ. ಅದನ್ನೇ ಸೃಷ್ಟಿಯೆನ್ನುವುದಾದರೆ ಈ ಕಾಡಿನಲ್ಲಿ ಸೃಷ್ಟಿಕರ್ತರ ಸಂತೆಯೇ ನೆರೆಯಬೇಕಾದೀತು."

ಪಾರಿವಾಳಗಳಲ್ಲಿ ಒಂದು ಕಿಸಕ್ಕೆಂದು ನಕ್ಕು, ಬೇಗನೆ ಬಾಯಿ ಮುಚ್ಚಿಕೊಂಡಿತು.

"ಹಾಗಾದರೆ ಈ ಮರವನ್ನು ಮಾಡಿದವನು ಯಾರೋ?" ಎಂದನು ಉದ್ದಂಡನು.

"ಬೀಜವಿಲ್ಲದಿದ್ದಾಗ ಬೀಜವನ್ನು, ನೆಲವಿಲ್ಲದಿದ್ದಾಗ ನೆಲವನ್ನು, ಏನೊಂದೂ ಇಲ್ಲದಿದ್ದಾಗ ಎಲ್ಲವನ್ನೂ ಮಾಡಿದವನು. ನಾವು ಅವನ ಮನೆಯಲ್ಲಿ ಉಣ್ಣುವವರು. ನೀನೂ ಅಷ್ಟೇ, ನಾನೂ ಅಷ್ಟೇ."

"ನೀನು ಅವನನ್ನು ಕಂಡಿದ್ದೀಯಾ?"

"ಕಂಡಿಲ್ಲ. ಆದರೆ ನಿನ್ನನ್ನು ಕಂಡಿದ್ದೇನೆ. ಅವನು ನೀನಲ್ಲವೆಂದು ಹೇಳಲು ಅಷ್ಟು ಸಾಕು."

ಉದ್ದಂಡನ ಕರಿಯ ಮುಖ ಇನ್ನಷ್ಟು ಕಪ್ಪಾಯಿತು. "ಒಡೆಯನೆನ್ನು! ಇಲ್ಲವಾದರೆ ಈ ಮರದಲ್ಲಿ ನಿನಗೆ ಹಣ್ಣಿಲ್ಲ. ನಿನ್ನ ಹೆಂಡತಿ ಗೋಡೆಯೊಳಗಿದ್ದಾಳೆ, ನೆನಪಿರಲಿ."

"ನೆನಪಿದೆ. ನೀನು ವಯಸ್ಸಿನಲ್ಲಿ ಹಿರಿಯ, ಅಣ್ಣನೆಂಬೆನು. ಒಡೆಯನೆನ್ನೆನು."

ಮುಸುವಗಳು ಹಲ್ಲು ಕಿರಿದು ಮೇಲೆ ಬಿದ್ದವು. ಬಾಲದ ಎರಡು ಗರಿಗಳನ್ನು ಅವುಗಳ ಕೈಯಲ್ಲಿ ಬಿಟ್ಟು ದೃಢಚಂಚು ಹಾರಿಹೋದನು.

ಅಂದಿನಿಂದ ಅವನ ದಾರಿ ದೂರವಾಯಿತು. ಮೂರು ಗುಡ್ಡಗಳನ್ನು ದಾಟಿದರೆ ಒಂದು ನೇರಳೆ. ಅದರಾಚೆಯ ಕಣಿವೆಯಲ್ಲಿ ಯಾರೂ ಅರಿಯದ ಎರಡು ಆಲದ ಮರಗಳು. ಮುಂಜಾನೆ ಹೋದವನು ಬಿಸಿಲೇರಿದ ಮೇಲೆ ಮರಳುವನು. ಗಂಟಲೊಳಗೆ ತುಂಬಿ ತಂದ ಹಣ್ಣನ್ನು ಒಂದೊಂದಾಗಿ ಸೀಳಿನೊಳಕ್ಕೆ ದಾಟಿಸಿ ಮತ್ತೆ ಹಾರುವನು. ಮೊಟ್ಟೆಯೊಡೆದು ಎರಡು ಮರಿಗಳು ಬಂದವು. ಬಾಯಿಗಳು ಮೂರಾದವು. ಅವನ ಎದೆಯ ಮೂಳೆ ಗರಿಗಳ ಅಡಿಯಿಂದ ಎದ್ದು ಕಂಡಿತು.

ಒಂದು ದಿನ ಗಾಳಿಮಳೆಗೆ ಸಿಕ್ಕಿ, ಅವನು ಐದೇ ಹಣ್ಣುಗಳೊಡನೆ ಮರಳಿದನು. ಚಾಟುಕನು ತಾರೆಯ ಮರದ ಕೊಂಬೆಯ ಮೇಲೆ ಕಾದಿದ್ದನು.

"ದೊಡ್ಡ ಮೂಗಿನ ಭಾವಾ, ಇಷ್ಟು ಹಟವೇಕೆ? ಕುತ್ತಿಗೆಯನ್ನು ಒಂದು ಗೇಣು ತಗ್ಗಿಸಿದರೆ ಮುಗಿಯಿತು. ಮನಸ್ಸಿನೊಳಗೆ ನೀನು ಯಾರನ್ನು ನೆನೆದರೂ ಉದ್ದಂಡನಿಗೇನು ತಿಳಿಯುತ್ತದೆ?"

ಪೊಟರೆಯೊಳಗೆ ಮರಿಗಳು ಚೀರುತ್ತಿದ್ದವು. ದೃಢಚಂಚು ಸೀಳಿನ ಬಳಿ ಕೊಕ್ಕನ್ನಿಟ್ಟು ಮೆಲ್ಲನೆ ಕೇಳಿದನು: "ಸುವ್ರತೇ, ಒಂದೇ ಸಲ ಬಾಗಿ ಬರಲೇ?"

"ಆ ಅಳಿಲು ಹೇಳಿದ್ದು ನನಗೂ ಕೇಳಿಸಿತು" ಎಂದಳು ಸುವ್ರತೆ. "ನನ್ನ ರೆಕ್ಕೆ ಉದುರಿದೆ, ಬಾಗಿಲು ಮುಚ್ಚಿದೆ. ಇಷ್ಟೆಲ್ಲವನ್ನು ಯಾರನ್ನು ನಂಬಿ ಮಾಡಿದೆ? ನಿಮ್ಮನ್ನು, ನಿಮಗಿಂತ ಮೊದಲು ನಿಮ್ಮನ್ನು ಮಾಡಿದವನನ್ನು. ಐದು ಹಣ್ಣು ತಂದಿರುವಿರಲ್ಲ, ಕೊಡಿ. ಬರಿಗೊಕ್ಕಿನಲ್ಲಿ ಬಂದರೂ ಬನ್ನಿ. ಬಾಗಿದ ಕೊಕ್ಕಿನಲ್ಲಿ ಬರಬೇಡಿ."

"ನಮ್ಮ ಕೊಕ್ಕು ಹುಟ್ಟಿನಿಂದಲೇ ಬಾಗಿದೆಯಲ್ಲೇ!"

"ಅದನ್ನು ಬಾಗಿಸಿದವನು ಬೇರೆ" ಎಂದಳು ಅವಳು. ಹಸಿವಿನ ನಡುವೆಯೂ ಇಬ್ಬರಿಗೂ ನಗೆ ಬಂತು.

ಇತ್ತ ಅತ್ತಿಯ ಹಣ್ಣು ಮುಗಿದು, ಕಾಂಡದ ತುಂಬ ಹೊಸ ಕಾಯಿ ಕಚ್ಚಿತು. ಆ ಎಳೆಗಾಯಿಗಳನ್ನು ಅರಸಿಕೊಂಡು ಸಾಸಿವೆಗಿಂತ ಸಣ್ಣವಾದ ಅತ್ತಿಹುಳುಗಳು ರೆಕ್ಕೆಬಡಿಯುತ್ತ ಬಂದವು. ಉದ್ದಂಡನು ಒಂದು ಕಾಯಿಯನ್ನು ಕಚ್ಚಿ ಸೀಳಿ ನೋಡಿದನು. ಒಳಗೊಂದು ಹುಳು, ಅದರ ರೆಕ್ಕೆಗಳು ಕಾಯಿಯ ಬಾಯಲ್ಲೇ ಕಿತ್ತುಬಿದ್ದಿದ್ದವು.

"ನನ್ನ ಅಪ್ಪಣೆಯಿಲ್ಲದೆ ನನ್ನ ಕಾಯಿಯೊಳಗೆ ವಾಸವೇ!" ಎಂದು ಅವನು ಕೂಗಾಡಿದನು. "ಕೆಂಜಿರುವೆಗಳನ್ನು ಕರೆಯಿರಿ!"

ಅದುವರೆಗೆ ಕೆಂಜಿರುವೆಗಳ ಗೂಡು ಕಂಡಲ್ಲಿ ಹರಿದುಹಾಕುತ್ತಿದ್ದವನೂ ಅವನೇ. ಈಗ ಅವುಗಳಿಗೆ ಮಾತು ಕೊಟ್ಟನು: "ಒಂದು ಹುಳುವೂ ಕಾಯಿಯನ್ನು ಹೊಗದಂತೆ ಕಾಯಿರಿ. ಪ್ರತಿಯೊಂದು ಕೊಂಬೆಯಲ್ಲಿಯೂ ಗೂಡು ಕಟ್ಟಿಕೊಳ್ಳಿರಿ. ನಿಮ್ಮನ್ನು ಯಾರೂ ಮುಟ್ಟುವುದಿಲ್ಲ."

ಈ ಸುದ್ದಿಯನ್ನು ದೃಢಚಂಚು ಪೊಟರೆಗೆ ತಂದಾಗ ಸುವ್ರತೆ ತನ್ನ ಉದುರಿದ ಗರಿಗಳನ್ನು ನೋಡಿಕೊಂಡು ಕೇಳಿದಳು:

"ರೆಕ್ಕೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತದೆಯೇ ಆ ಹುಳು?"

"ಹೌದಂತೆ."

"ಹಾಗಾದರೆ ಅದು ನನ್ನಂಥವಳು. ಕತ್ತಲೆಯೊಳಗೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುವವಳು ಹಾಳುಮಾಡಲು ಹೋಗುವುದಿಲ್ಲ, ಹುಟ್ಟಿಸಲು ಹೋಗುತ್ತಾಳೆ. ಅದನ್ನು ಅಲ್ಲಿ ಇಟ್ಟವನು ಯಾವುದೋ ಕೆಲಸಕ್ಕೆಂದೇ ಇಟ್ಟಿದ್ದಾನೆ. ಹೋಗಿ ಹೇಳಿ. ಉದ್ದಂಡನು ನಮಗೆ ಹಗೆಯಾದರೂ ಮರ ಹಗೆಯಲ್ಲ."

ದೃಢಚಂಚು ಹೋಗಿ, ಮುಸುವಗಳ ಕೈಗೆಟುಕದಷ್ಟು ದೂರದಲ್ಲಿ ಕುಳಿತು ಹೇಳಿದನು: "ಉದ್ದಂಡಣ್ಣ, ಹುಳುಗಳನ್ನು ತಡೆಯಬೇಡ. ನೀನು ಇಟ್ಟವಲ್ಲ ಅವು; ಕಾಯಿಗೆ ಬೇಕಾದ ಯಾವುದೋ ಕೆಲಸಕ್ಕೆ ಇಟ್ಟವನು ಬೇರೆ. ನೀನು ತೆಗೆಯಲೂ ಬಾರದು."

"ನನ್ನ ಹಣ್ಣು ಹಣ್ಣಾಗಲು ಹುಳುವಿನ ಅಪ್ಪಣೆ ಬೇಕೇನೋ?" ಎಂದು ಉದ್ದಂಡನು ಹೊಟ್ಟೆ ಹಿಡಿದು ನಕ್ಕನು. ಹಿಂಡೂ ನಕ್ಕಿತು. ಚಾಟುಕನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕನು.

ಕೆಂಜಿರುವೆಗಳು ನಿಷ್ಠೆಯಿಂದ ಕಾದವು. ಒಂದು ಹುಳುವೂ ಒಳಹೊಗಲಿಲ್ಲ. ಉದ್ದಂಡನು ಕಾಯಿಗಳನ್ನು ದಿನಾ ಬೆರಳಿನಿಂದ ತಟ್ಟಿ, "ಶುದ್ಧವಾದ ಕಾಯಿ! ಹಣ್ಣಾಗು!" ಎಂದು ಆಜ್ಞಾಪಿಸುತ್ತಿದ್ದನು.

ಕಾಯಿಗಳು ಕೆಂಪಾಗಲಿಲ್ಲ. ಕೆಲವು ದಿನಗಳಲ್ಲಿ ಹಳದಿಯಾಗಿ ಕಂದಿದವು, ಸುಕ್ಕಿದವು. ಆಮೇಲೆ ಟಪಟಪನೆ ಹೊಳೆಗೆ ಉದುರತೊಡಗಿದವು. ಹುಳು ಹೊಕ್ಕರಲ್ಲವೇ ಅತ್ತಿಯ ಕಾಯಿಯೊಳಗೆ ಬೀಜ ಕಟ್ಟುವುದು, ಬೀಜ ಕಟ್ಟಿದರಲ್ಲವೇ ಅದು ಹಣ್ಣಾಗುವುದು! ಆ ಕಟ್ಟಳೆಯನ್ನು ವಿಧಿಸಿದವನು ಮುಸುವನನ್ನು ಕೇಳಿ ವಿಧಿಸಿರಲಿಲ್ಲ.

"ನಿಲ್ಲಿರಿ! ಉದುರಬೇಡಿರಿ! ಒಡೆಯನ ಆಜ್ಞೆ!" ಎಂದು ಉದ್ದಂಡನು ಕೊಂಬೆಯಿಂದ ಕೊಂಬೆಗೆ ನೆಗೆದನು. ನೆಗೆದಲ್ಲೆಲ್ಲ ಇರುವೆಗೂಡು. ಕೈ, ಕಾಲು, ಬಾಲ, ಕಿವಿ, ಎಲ್ಲೆಲ್ಲಿಯೂ ಇರುವೆಗಳು ಕಚ್ಚಿದವು.

"ನಾನು ನಿಮ್ಮ ಒಡೆಯ!" ಎಂದು ಅವನು ಅರಚಿದನು.

"ಪ್ರತಿಯೊಂದು ಕೊಂಬೆಯೂ ನಿಮ್ಮದು ಎಂದವನು ನೀನೇ ಅಲ್ಲವೇನಯ್ಯಾ?" ಎಂದು ಇರುವೆಗಳು ಮತ್ತೊಮ್ಮೆ ಕಚ್ಚಿದವು.

ಹಸಿದ ಹಿಂಡು ಸಂಜೆಯೊಳಗೆ ಅವನನ್ನು ಬಿಟ್ಟಿತು. ಚಾಟುಕನು ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು ತಾರೆಯ ಮರಕ್ಕೆ ಬಂದನು, ಹಿಂದೆ ಪಾರಿವಾಳಗಳು.

"ಭಾವಾ," ಎಂದನು ಚಾಟುಕ, "ನೀನು ದಿನಾ ಹಣ್ಣು ತರುವ ಆ ದೂರದ ಮರಗಳು..."

"ದಾರಿ ತೋರಿಸುತ್ತೇನೆ, ಬಾ" ಎಂದನು ದೃಢಚಂಚು. "ಉದ್ದಂಡನು ನನ್ನನ್ನು ಅಟ್ಟದಿದ್ದರೆ ಆ ಮರಗಳನ್ನು ನಾನೂ ಕಾಣುತ್ತಿರಲಿಲ್ಲ."

"ಅಲ್ಲಿ ನಿನಗೆ ಬಾಗಬೇಕೇ?"

"ಬಾಗಿ ನೋಡು, ಕುಕ್ಕಿಬಿಡುತ್ತೇನೆ!"

ಹೊಸ ಗೊಂಚಲು ಮೂಡುವ ಹೊತ್ತಿಗೆ ಇರುವೆಗಳು ಬೇಟೆ ಸಾಲದೆ ಬೇರೆ ಮರಕ್ಕೆ ಹೋಗಿದ್ದವು. ಅತ್ತಿಹುಳುಗಳು ಯಾರ ಅಪ್ಪಣೆಯನ್ನೂ ಕೇಳದೆ ಬಂದವು. ರೆಕ್ಕೆ ಕಳಚಿ ಒಳಹೊಕ್ಕವು. ಕಾಯಿ ಬಲಿತು ಕೆಂಪೇರಿತು. ಸುವ್ರತೆಯೂ ಪೊಟರೆಯ ಬಾಗಿಲೊಡೆದು, ಹೊಸ ಗರಿಗಳೊಡನೆ ಹೊರಬಂದಳು. ಎರಡು ಮರಿಗಳೂ ತಂದೆತಾಯಿಯರೊಡನೆ ಅತ್ತಿಯ ಮರಕ್ಕೆ ಹಾರಿದವು.

ಅತ್ಯಂತ ಕೆಳಗಿನ ಕೊಂಬೆಯಲ್ಲಿ ಉದ್ದಂಡನು ಒಬ್ಬನೇ ಕುಳಿತಿದ್ದನು. ಮೈ ಬಡಕಲಾಗಿತ್ತು. ಎದುರಿಗೇ ಹಣ್ಣಿದ್ದರೂ ಕೈ ಚಾಚಲು ಅವನಿಗೆ ನಾಚಿಕೆ.

"ಈಗ ನೀನು ಒಡೆಯನೇ?" ಎಂದು ತಲೆಯೆತ್ತದೆ ಕೇಳಿದನು. "ನನ್ನನ್ನು ಬಾಗಿಸಲು ಬಂದೆಯಾ?"

ದೃಢಚಂಚು ಬಾಯಿ ತೆರೆಯುವುದರೊಳಗೆ ಕಿರಿಯ ಮರಿಯು ತನ್ನ ಬಾಳಿನ ಮೊದಲ ಅತ್ತಿಯ ಹಣ್ಣನ್ನು ಕಿತ್ತು, ತಂದೆಯಂತೆಯೇ ಆಕಾಶಕ್ಕೆ ಚಿಮ್ಮಿತು. ಎಳೆಯ ಕೊಕ್ಕಿಗೆ ಗುರಿ ಸಿಗಲಿಲ್ಲ. ಹಣ್ಣು ಎಲೆಗಳ ನಡುವೆ ಜಾರಿ ಬಂದು ಉದ್ದಂಡನ ಬೊಗಸೆಯಲ್ಲಿ ಬಿದ್ದಿತು.

"ಅಪ್ಪಾ! ಅದು ನನ್ನ ಹಣ್ಣು!" ಎಂದು ಮರಿ ಕೂಗಿತು.

"ನಿನ್ನದಲ್ಲ ಮಗೂ" ಎಂದನು ದೃಢಚಂಚು, ಹಿಂದೆ ಉದ್ದಂಡನೊಡನೆ ಆಡಿದ್ದ ಅದೇ ಗಡಸು ದನಿಯಲ್ಲಿ. "ನನ್ನದೂ ಅಲ್ಲ, ಈ ಅಣ್ಣನದೂ ಅಲ್ಲ. ಯಾರಿಗೆ ತೋರಿಸಿದೆಯೋ ಅವನದು. ಕೊಡಬೇಕಾದವರಿಗೆ ಅವನು ಕೊಟ್ಟಿದ್ದಾನೆ. ತಿನ್ನು ಅಣ್ಣಾ."

ಉದ್ದಂಡನು ಹಣ್ಣನ್ನು ನೋಡಿದನು. ಅದನ್ನು ಎರಡು ಕೈಗಳಲ್ಲಿ ಹಿಡಿದು, ಆಕಾಶದತ್ತ ಒಂದಿಷ್ಟು ಎತ್ತಿದನು, ಆಮೇಲೆ ತಿಂದನು.

ನೀತಿ: ಸೃಷ್ಟಿಯೆಲ್ಲವೂ ಸೃಷ್ಟಿಸಿದ ದೇವರದೇ; ಅವನಿಗೆ ಸಲ್ಲುವ ಒಡೆತನವನ್ನು ಹಸಿವಿಗೆ ಅಂಜಿ ಇನ್ನೊಬ್ಬನಿಗೆ ಒಪ್ಪಿಸಲೂ ಬಾರದು, ಗೆದ್ದಾಗ ತಾನೇ ಕಸಿದುಕೊಳ್ಳಲೂ ಬಾರದು.