ಗುರುತು ತಪ್ಪಿದ ಎರಡು ಬೆತ್ತಗಳು

"ಬುದ್ಧಿ, ನಾನು ಮಠಕ್ಕೆ ಬಂದು ಒಂಬತ್ತು ವರ್ಷವಾಯಿತು. ಸಾಧನೆ ಅಂತ ನನ್ನಲ್ಲಿ ಏನಾದರೂ ಆಗಿದೆಯೇ?" ಎಂದು ಪರ್ವತಯ್ಯ ಸ್ವಾಮಿಗಳನ್ನು ಕೇಳಿದ.

ಮಠದಲ್ಲಿ ಕಣ್ಣು ಹೋಗಿದ್ದ ಇನ್ನೊಬ್ಬ ಹಿರಿಯ ಸ್ವಾಮಿಗಳಿದ್ದರು. ಅವರನ್ನು ಸ್ನಾನಕ್ಕೆ, ಗದ್ದುಗೆಗೆ, ಪ್ರಸಾದಕ್ಕೆ ಕರೆದುಕೊಂಡು ಹೋಗಿ ಬರುವುದು ಅವನ ಪಾಲಿನ ಸೇವೆ.

"ನನ್ನ ಜೊತೆ ಬಂದವರು ಶಾಸ್ತ್ರ ಓದಿ ಮುಗಿಸಿದರು. ಕಾಶಿ ನೋಡಿ ಬಂದರು. ನಾನು ಈ ಅಂಗಳ ದಾಟಲಿಲ್ಲ. ಜಪಕ್ಕೆ ಕೂತರೆ ಅಷ್ಟರಲ್ಲೇ ಕರೆ ಬರುತ್ತದೆ. ಅಪ್ಪಣೆಯಾದರೆ ನಾಳೆ ಊರಿಗೆ ಹೊರಡುತ್ತೇನೆ."

ಸ್ವಾಮಿಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಅರಮನೆಯಲ್ಲಿ ಹಳಬರ ವಸ್ತುಗಳನ್ನೆಲ್ಲ ಒಂದು ಕೋಣೆಯಲ್ಲಿ ಜೋಪಾನ ಮಾಡಿದ್ದರು. ರಾಣಿಯರ ಬೀಸಣಿಗೆ, ನಶ್ಯದ ಡಬ್ಬಿ, ಮುದ್ರೆಯುಂಗುರ, ಸಾಲಾಗಿ ಊರುಗೋಲು. ಒಂದಕ್ಕೆ ದಂತದ ಹಿಡಿ, ಒಂದಕ್ಕೆ ಬೆಳ್ಳಿಯ ಸಿಂಹ. ಅವುಗಳ ನಡುವೆ ಒಬ್ಬ ಸಂತನ ಬರಿಯ ಬೆತ್ತ. ಮಹಾನವಮಿಯ ದಿನ ಅರಸ ಅದನ್ನು ಕಣ್ಣಿಗೊತ್ತಿಕೊಂಡು ಪೀಠದಲ್ಲಿಡುತ್ತಿದ್ದ. ಊರೆಲ್ಲ ಬಂದು ನಮಸ್ಕರಿಸುತ್ತಿತ್ತು.

ಹಬ್ಬದ ಹಿಂದಿನ ದಿನ ಕೋಲುಗಳಿಗೆ ಎಣ್ಣೆ ತಿಕ್ಕುವುದು ಪದ್ಧತಿ. ಭಂಡಾರಿ ನಲವತ್ತು ವರ್ಷದಿಂದ ಒಂದೊಂದಾಗಿ ತಿಕ್ಕಿ, ಒಂದೊಂದಾಗಿ ಚೀಟಿ ಕಟ್ಟುತ್ತಿದ್ದ. ಆ ವರ್ಷ, ಇವೆಲ್ಲ ನನ್ನ ಮಕ್ಕಳಿದ್ದಂತೆ, ಗುರುತು ಸಿಗದೇ ಇರುತ್ತದೆಯೇ ಎಂದುಕೊಂಡು ಹೆಸರಿನ ಚೀಟಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿದ. ಎಣ್ಣೆ ಆರಿದ ಮೇಲೆ ಮಿಕ್ಕವಕ್ಕೆಲ್ಲ ಚೀಟಿ ಕಟ್ಟಿ ಮುಗಿದಾಗ ಎರಡು ಬೆತ್ತ ಉಳಿದವು. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಒಂದು ಸಂತನದು. ಇನ್ನೊಂದು, ಕೋಲು ಕುಟ್ಟಿ ಕುಟ್ಟಿ ಜನರನ್ನು ನಡುಗಿಸುತ್ತಿದ್ದ ಒಬ್ಬ ದಿವಾನನದು.

ಭಂಡಾರಿ ಎರಡನ್ನೂ ಮನೆಗೆ ತಂದು ಹೆಂಡತಿಗೆ ತೋರಿಸಿದ.

"ಯಾವುದಾದರೂ ಒಂದನ್ನು ಇಡಿ. ಕೋಲೇನು ಬಾಯಿ ಬಿಟ್ಟು ಹೇಳುತ್ತದೆಯೇ?" ಎಂದಳು ಹೆಂಡತಿ.

"ಕೋಲು ಹೇಳುವುದಿಲ್ಲ. ಹರಕೆ ಹೊತ್ತು ಬಂದವರು ನಾಳೆ ಅದರ ಮುಂದೆ ತಲೆ ಬಾಗಿಸುತ್ತಾರಲ್ಲ, ನಾನು ಅದನ್ನು ಹೇಗೆ ನೋಡಲಿ?" ಎಂದ ಭಂಡಾರಿ.

ಅವನು ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ಬೆತ್ತ ಹೆಣೆಯುವ ಒಬ್ಬ ಮೇದರ ಮುದುಕಿಯ ಬಳಿಗೆ ಹೋದ. ದಾರಿಯಲ್ಲೇ ಅವನು ತುದಿಗಳನ್ನು ನೋಡಿಕೊಂಡಿದ್ದ. ಒಂದರ ತುದಿ ಸವೆದು ಹೋಗಿತ್ತು, ಇನ್ನೊಂದರದು ನುಣ್ಣಗಿತ್ತು.

"ಅವ್ವಾ, ಸವೆದದ್ದೇ ಸಂತನದು ಅಲ್ಲವೇ? ಅವರು ನಾಡೆಲ್ಲ ನಡೆದವರು. ದಿವಾನ ಪಲ್ಲಕ್ಕಿ ಬಿಟ್ಟು ಇಳಿದವನಲ್ಲ."

ಮುದುಕಿ ತುದಿಗಳನ್ನು ಬೆರಳಿನಿಂದ ಸವರಿದಳು. "ನಡೆದು ಸವೆದ ಬೆತ್ತ ಒಂದು ಮಗ್ಗುಲಿಗೆ ಸವೆಯುತ್ತದೆ ಕಣಪ್ಪ. ಇದು ಸುತ್ತಲೂ ಸೀಳಿ ಪೊರಕೆಯಂತೆ ನಾರು ಬಿಟ್ಟಿದೆ. ಇದು ನಡೆದ ಕೋಲಲ್ಲ, ಕುಟ್ಟಿದ ಕೋಲು."

"ಹಾಗಾದರೆ ಈ ನುಣ್ಣಗಿರುವುದು? ಇದು ನೆಲವನ್ನೇ ಮುಟ್ಟಿಲ್ಲವಲ್ಲ."

"ಇದರ ಹಿಡಿಯನ್ನೂ ಕೈ ಸವೆಸಿದೆ, ತುದಿಯನ್ನೂ ಕೈ ಸವೆಸಿದೆ. ಒಂದು ಕೋಲಿಗೆ ಇಬ್ಬರ ಕೈ ಯಾಕೆ ಬೇಕಾಯಿತು, ಅದನ್ನು ನೀನೇ ಹೇಳು."

ಭಂಡಾರಿ ಬೆತ್ತದ ಎರಡೂ ತುದಿಗಳನ್ನು ಸವರಿ ನೋಡಿದ. ಆಮೇಲೆ ಅವನಿಗೆ ನೆನಪಾಯಿತು. ಸಂತ ಊರೂರು ತಿರುಗುವಾಗ ಅವನ ಜೊತೆ ಒಬ್ಬ ಕುರುಡನಿದ್ದನೆಂದು ಹಿರಿಯರು ಹೇಳುತ್ತಿದ್ದರು. ಹಿಡಿಯ ಕಡೆಯನ್ನು ಕುರುಡನಿಗೆ ಕೊಟ್ಟು, ನೆಲ ಮುಟ್ಟುವ ಕಡೆಯನ್ನು ಸಂತ ತಾನು ಹಿಡಿದು ಮುಂದೆ ನಡೆಯುತ್ತಿದ್ದನಂತೆ.

ಭಂಡಾರಿ ಅಲ್ಲೇ ಬಿದಿರಿನ ಸಿಬಿರಿನ ಮೇಲೆ ಕುಸಿದು ಕೂತ. ನಗು ಬಂತು, ಅಳುವೂ ಬಂತು. "ಶಿವನೇ, ಕಾಪಾಡಿದೆ" ಎಂದ.

"ಶಿವ ಕಾಪಾಡಿದ, ಸರಿ. ನಲವತ್ತು ವರ್ಷ ಎಣ್ಣೆಯನ್ನೆಲ್ಲ ಕೋಲಿಗೇ ಹಚ್ಚಿದ್ದೀಯ. ಇನ್ನು ಮೇಲೆ ನಿನ್ನ ತಲೆಗೂ ಒಂದಿಷ್ಟು ಹಚ್ಚಿಕೊ" ಎಂದಳು ಮುದುಕಿ.

ಮರುದಿನ ಪೂಜೆ ನಿರಾತಂಕವಾಗಿ ನಡೆಯಿತು. ಅಂದಿನಿಂದ ಭಂಡಾರಿ ಆ ಬೆತ್ತದ ಚೀಟಿಯನ್ನು ಹಿಡಿಗೆ ಕಟ್ಟಲಿಲ್ಲ. ತುದಿಗೆ ಕಟ್ಟಿದ. ಜನ ಆ ತುದಿಯನ್ನು ಕಣ್ಣಿಗೊತ್ತಿಕೊಂಡರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಹೊರಗೆ "ಪರ್ವತಾ" ಎಂಬ ಕರೆ ಕೇಳಿಸಿತು. ಹಿರಿಯ ಸ್ವಾಮಿಗಳು ತಮ್ಮ ಕೋಲಿನ ತುದಿಯನ್ನು ಮುಂದಕ್ಕೆ ಚಾಚಿಕೊಂಡು ಅಂಗಳದಲ್ಲಿ ನಿಂತಿದ್ದರು. ಪರ್ವತಯ್ಯ ಎದ್ದು ನಿಂತ.

"ನಾಳೆ ಊರಿಗೆ ಹೊರಡುವವನು ಹೊರಡು, ಈಗ ಒಮ್ಮೆ ನಿನ್ನ ಅಂಗೈ ಇತ್ತ ಚಾಚು, ನಾನು ಕಣ್ಣಿಗೊತ್ತಿಕೊಳ್ಳಬೇಕು" ಎಂದರು ಸ್ವಾಮಿಗಳು.